ಸಾರಥಿಯ ಕವಚ

ಸ್ವೇಚ್ಛೆಯಿಂದ ಅಪಾಯಕ್ಕೆ ಮೈಯೊಡ್ಡುವವನನ್ನು ಕಾಪಾಡುವುದು ಪರರಿಗೆ ಕರ್ತವ್ಯವೆ? ಪ್ರಶ್ನೆಯು ಪುರಾತನವಾದುದು, ಪಂದ್ಯದ ಮೋಟಾರುಗಳ ವಿಷಯದಲ್ಲಿ ಅದು ಹೊಸ ರೂಪವನ್ನು ತಾಳಿದೆ.

ಬೆಂಗಳೂರು ದಂಡಿನಿಂದ ಪೂರ್ವಕ್ಕೆ, ಹಲಸೂರು ಇಂದಿರಾನಗರಗಳನ್ನು ದಾಟಿದರೆ, ಕೋಡಿಹಳ್ಳಿಯಲ್ಲಿ ಎನ್.ಎ.ಎಲ್. ಎಂಬ ವೈಮಾನಿಕ ಪ್ರಯೋಗಾಲಯವೂ, ಅದರಾಚೆ 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯೂ ಇರುವುವಷ್ಟೆ. ಇಂಗಾಲದ ಎಳೆಯ ಬಟ್ಟೆಗೆ ರಾಳವನ್ನೂಡಿಸಿ, ಅಚ್ಚಿನ ಮೇಲೆ ಪದರಪದರವಾಗಿ ಹಾಸಿ, ಆಟೋಕ್ಲೇವ್ ಎಂಬ ಮುಚ್ಚಿದ ಕೊಪ್ಪರಿಗೆಯಲ್ಲಿ ಶಾಖ ಒತ್ತಡಗಳಿಂದ ಗಟ್ಟಿಗೊಳಿಸುವ ವಿದ್ಯೆ ಇಲ್ಲಿ ಬೆಳೆದುದು. 2001ನೆಯ ಜನವರಿ 4ರಂದು ಇಲ್ಲಿಂದಲೇ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಇಂತಹವೇ. ಇದೇ ಬಗೆಯ ವಸ್ತುವಿನಿಂದ ಜಾನ್ ಬರ್ನಾರ್ಡನು 1981ರಲ್ಲಿ ಮೆಕ್ಲಾರೆನ್ ಕಾರಿಗೆ ಸಾರಥಿಯ ಕೋಶವನ್ನು ರಚಿಸಿದನು. ಆ ವರ್ಷವೇ ಇಟಲಿಯ ಮೊಂಜಾದಲ್ಲಿ ಆ ಕಾರು ತಡೆಗೋಡೆಗೆ ಬಡಿದು ಎರಡು ತುಂಡಾಯಿತು. ಸಾರಥಿ ಜಾನ್ ವಾಟ್ಸನ್ನನು ಎದ್ದು ನಡೆದು ಬಂದನು.

ಇಲ್ಲಿ ಪೂರ್ವಪಕ್ಷವೊಂದುಂಟು. ವೇಗವನ್ನು ವರಿಸಿದವನು ಅದರ ಫಲವನ್ನೂ ಉಣ್ಣಬೇಕು. ಕವಚವು ಹೆಚ್ಚಿದಷ್ಟೂ ಧೈರ್ಯವು ಕುಂದಿ, ದುಡುಕು ಬೆಳೆಯುವುದು ಎಂದು ಕೆಲವರೆನ್ನುವರು. 2018ರಲ್ಲಿ ಸಾರಥಿಯ ತಲೆಯ ಸುತ್ತ ಹೇಲೋ ಎಂಬ ಟೈಟಾನಿಯಂ ಬಳೆಯನ್ನು ಕಡ್ಡಾಯಗೊಳಿಸುವ ಮುನ್ನ ಸಾರಥಿಗಳಲ್ಲಿಯೇ ಕೆಲವರು ಅದನ್ನು ಒಲ್ಲೆನೆಂದರು. ಅವರಲ್ಲೊಬ್ಬನಾದ ರೊಮೇನ್ ಗ್ರೋಜಾನನ ಕಾರು 2020ನೆಯ ನವೆಂಬರ್ 29ರಂದು ಬಹರೇನಿನಲ್ಲಿ ಉಕ್ಕಿನ ತಡೆಯನ್ನು ಭೇದಿಸಿ ಹೊತ್ತಿ ಉರಿಯಿತು. ಅವನು ಸುಟ್ಟ ಕೈಗಳೊಡನೆ ಜ್ವಾಲೆಯಿಂದ ಹೊರಬಂದನು. ಬಳಿಕ ತಾನೇ ಆ ಬಳೆಯನ್ನು ಕೊಂಡಾಡಿದನು.

ಆದರೆ ಒಬ್ಬನು ಬದುಕಿದುದರಿಂದಲೇ ನ್ಯಾಯವು ಸಿದ್ಧವಾಗದು, ಕಾರಣವನ್ನೂ ಹೇಳಬೇಕು. ಸಾರಥಿಯು ಒಪ್ಪಿದುದು ವೇಗದ ಸ್ಪರ್ಧೆಗೆ, ನಿವಾರಿಸಬಹುದಾದ ಸಾವಿಗಲ್ಲ. ಧೈರ್ಯವಿರುವುದು ತಿರುವಿನಲ್ಲಿ ಅವನು ತೋರುವ ನಿರ್ಧಾರದಲ್ಲಿಯೇ ಹೊರತು ತಲೆಬುರುಡೆಯು ಬರಿದಾಗಿರುವುದರಲ್ಲಿ ಅಲ್ಲ. ದುಡುಕುವವನನ್ನು ದಂಡಿಸಲು ಪಂದ್ಯದ ನಿಯಮಗಳುಂಟು. ಮೂಳೆ ಮುರಿಯುವುದು ದಂಡನೆಯ ಕ್ರಮವಲ್ಲ. ಇದಲ್ಲದೆ ಪಂದ್ಯದಲ್ಲಿ ಭಾರವನ್ನು ಕಳೆದವನಿಗೆ ವೇಗದ ಲಾಭ. ಒಬ್ಬನು ಕವಚವನ್ನು ತ್ಯಜಿಸಿದರೆ ಸೋಲಿನ ಭಯದಿಂದ ಉಳಿದವರೂ ತ್ಯಜಿಸಬೇಕಾಗುವುದು. ಆದುದರಿಂದ ಅದು ಎಲ್ಲರಿಗೂ ಸಮಾನವಾಗಿ ವಿಧಿಸತಕ್ಕದ್ದೇ ಸರಿ.

ಇನ್ನು ನಿರ್ಮಾಪಕನ ಧರ್ಮ. ರ‍್ಯಾಲಿ ಕಾರಿನೊಳಗೆ ಬೆಸೆಯುವ ಉಕ್ಕಿನ ಪಂಜರದ ಮುಖ್ಯ ಕೊಳವೆಯು 45 ಮಿಲಿಮೀಟರು ವ್ಯಾಸವುಳ್ಳದ್ದಾದರೆ ಅದರ ದಪ್ಪವು 2.5 ಮಿಲಿಮೀಟರಿಗೆ ಕಡಮೆಯಿರಕೂಡದೆಂದು ಅಂತಾರಾಷ್ಟ್ರೀಯ ನಿಯಮವಿದೆ. ಅಳತೆಯನ್ನು ಪರೀಕ್ಷಕನು ನೋಡಬಲ್ಲನು. ಬಣ್ಣ ಬಳಿದ ಮೇಲಾದರೋ ಒಳ್ಳೆಯ ಬೆಸುಗೆಯೂ ಕೆಟ್ಟ ಬೆಸುಗೆಯೂ ಕಣ್ಣಿಗೆ ಒಂದೇ. ಅವುಗಳ ಭೇದವು ತಿಳಿಯುವುದು ಅನರ್ಥದ ದಿನ, ಅದೂ ಇನ್ನೊಬ್ಬನ ದೇಹದ ಮೂಲಕ. ಆ ದಿನ ಬಾರದೆ ಹೋದರೆ ಬೆಸೆದವನ ಪ್ರಾಮಾಣಿಕತೆಯನ್ನು ಹೊಗಳುವವರೂ ಇಲ್ಲ, ಕಪಟವನ್ನು ಬಲ್ಲವರೂ ಇಲ್ಲ. ಹಾಗಿದ್ದೂ ಸರಿಯಾಗಿ ಬೆಸೆಯುವವನೇ ಧರ್ಮಿಷ್ಠನು.

ಕರ್ಣನು ತನ್ನ ಕವಚವನ್ನು ತಾನೇ ಕತ್ತರಿಸಿ ಕೊಟ್ಟನು; ಅದು ದಾನವೆನಿಸಿತು. ಪರರ ಕವಚವನ್ನು ಅವರಿಗರಿಯದಂತೆ ತೆಳುವಾಗಿಸುವ ಅಧಿಕಾರವು ಯಾವ ಕಮ್ಮಾರನಿಗೂ ಇಲ್ಲ.