ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿ

ಬಾಶೆಟ್ಟಿಹಳ್ಳಿಯಲ್ಲಿ ಬೆಳಗಿನ ಪಾಳಿಯ ಬಸ್ಸುಗಳು ಓಡಾಡುವ ಹೊತ್ತಿಗೆ ನಾನು ಮಲಗಲು ಹೋದ ದಿನ ಅದು. ಮೇಜಿನ ಮೇಲೆ ಇಂಕು ಆರದ ಒಂದು ಪುಟ. ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರ ಕತೆಯನ್ನು ಕಾಮಿಕ್ಸ್ ಆಗಿ ಬರೆಯುತ್ತಿದ್ದೇನೆ. ಎರಡು ವರ್ಷಕ್ಕೆ ಆಗಿರುವುದು 19 ಪುಟ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಮಾತಿನ ಗುಳ್ಳೆ ದೊಡ್ಡದಾಗಬೇಕು, ಅದಕ್ಕಾಗಿ ಚಿತ್ರವನ್ನೇ ಸರಿಸಬೇಕು. ಹಗಲು ಅತಿಥಿ ಉಪನ್ಯಾಸಕಿಯ ಕೆಲಸ, ಸಂಜೆ ಪಿಎಚ್.ಡಿ. ಅಧ್ಯಾಯ. ಉಳಿಯುವುದು ರಾತ್ರಿ ಮಾತ್ರ.

ಅಂದು ತರಗತಿಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪಾಠ. ತಯಾರಿಯಿಲ್ಲದೆ ಹೋದ ವರ್ಷದ ಟಿಪ್ಪಣಿ ಓದುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಮೇಡಂ, ಕಾಯಕ ಅಂದ್ರೆ ಸಂಬಳಕ್ಕೆ ಮಾಡೋದಾ, ಇಷ್ಟಪಟ್ಟು ಮಾಡೋದಾ?" ಎಂದ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದೆ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರ ಕಾಲೇಜಿಗೆ ಬರುವ ಹುಡುಗ ಅವನು. ನಿದ್ದೆಗೆಟ್ಟವರು ಇಬ್ಬರೂ. ಅವನು ಒಂದು ಪ್ರಶ್ನೆ ತಂದಿದ್ದ, ನಾನು ಏನನ್ನೂ ತಂದಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನಸ್ಸು ದೊಡ್ಡವರ ಹೆಸರು ಹುಡುಕುತ್ತದೆ. ಕುವೆಂಪು ಅಧ್ಯಾಪಕರಾಗಿದ್ದುಕೊಂಡೇ 1936ರಿಂದ 1946ರವರೆಗೆ 'ಶ್ರೀ ರಾಮಾಯಣ ದರ್ಶನಂ' ಬರೆದರು. ಅಮೆರಿಕದ ಜೀನ್ ಲುಯೆನ್ ಯಾಂಗ್ ಪ್ರೌಢಶಾಲೆಯಲ್ಲಿ 17 ವರ್ಷ ಕಂಪ್ಯೂಟರ್ ವಿಜ್ಞಾನ ಕಲಿಸಿದರು. 2006ರ 'ಅಮೆರಿಕನ್ ಬಾರ್ನ್ ಚೈನೀಸ್' ಆ ವರ್ಷಗಳದ್ದೇ. ತಾವು ಇಲ್ಲದ ದಿನ ಬೀಜಗಣಿತದ ಪಾಠವನ್ನು ಅವರು ಕಾಮಿಕ್ಸ್ ಮಾಡಿ ಕೊಡುತ್ತಿದ್ದರು. ಬೇಕಾದಲ್ಲಿ ನಿಂತು, ಹಿಂದಿರುಗಿ ಓದಬಹುದಾದ್ದರಿಂದ ಮಕ್ಕಳಿಗೆ ಅದು ಹಿಡಿಸಿತು.

ಆದರೆ ನನ್ನ ನೇಕಾರರ ಕತೆ ಯಾವ ಪಾಠಕ್ಕೂ ಒದಗುವುದಿಲ್ಲ. ಪಾಠಕ್ಕೆ ಒದಗಿದರೆ ಮಾತ್ರ ಚಿತ್ರ ಬರೆಯಬಹುದು ಎಂದುಕೊಂಡರೆ, ಚಿತ್ರ ನೌಕರಿಯ ಬಾಲವಾಗುತ್ತದೆ. ಬಿಟ್ಟುಬಿಡುವುದೂ ಉತ್ತರವಲ್ಲ. ಒಂದು ಸೆಮಿಸ್ಟರ್ ಬಿಟ್ಟು ನೋಡಿದೆ. ಒಳ್ಳೆಯ ಮೇಷ್ಟ್ರಾಗಲಿಲ್ಲ, ಬಿಟ್ಟ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಂಡೆ.

ಉತ್ತರದ ತುದಿ ಸಿಕ್ಕಿದ್ದು ನಾನು ಕೆಟ್ಟದಾಗಿ ಮಾಡಿದ ಆ ಪಾಠದಲ್ಲೇ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದಳೆಂಬ ಕತೆ ನಿಮಗೆ ಗೊತ್ತು. ಅಕ್ಕಿ ಆಯುವುದು ತಪ್ಪೆಂದು ಅವಳು ಹೇಳಲಿಲ್ಲ. ಅಗತ್ಯಕ್ಕಿಂತ ಹೆಚ್ಚು ತಂದದ್ದು ಅವಳಿಗೆ ಸಲ್ಲಲಿಲ್ಲ.

ನನ್ನ ರಾತ್ರಿ ನನ್ನದು, ಹೇಗಾದರೂ ಕಳೆಯಬಹುದು ಎಂದು ವಾದಿಸುತ್ತಿದ್ದೆ. ಆದರೆ ರಾತ್ರಿಯ ನಿದ್ದೆಯೇ ಬೆಳಗಿನ ಗಮನ. ಆ ಗಮನಕ್ಕೆ ಹಕ್ಕುದಾರನೊಬ್ಬ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ. ಅಂದರೆ ಪಾಠದ ಹಿಂದಿನ ರಾತ್ರಿ ಪೂರ್ತಿ ನನ್ನದಲ್ಲ. ಕಲೆಗೆ ಬೆಲೆ ಇದ್ದೇ ಇದೆ. ಅದನ್ನು ತೆರುವವಳು ನಾನೇ ಆಗಿರಬೇಕು, ಕೇಳದೆ ಅವನಿಂದ ವಸೂಲು ಮಾಡಬಾರದು.

ಈಗ ಶನಿವಾರ ರಾತ್ರಿ ಮಾತ್ರ ಬರೆಯುತ್ತೇನೆ. ಪುಸ್ತಕ ಇನ್ನೂ ಮೂರು ವರ್ಷ ತಡವಾಗಬಹುದು. ಆ ತಡ ನನಗೆ ನೋಯುತ್ತದೆ. ನ್ಯಾಯವಾದದ್ದು ನೋಯಬಾರದೆಂದೇನೂ ಇಲ್ಲ.

ಮುಂದಿನ ತರಗತಿಯಲ್ಲಿ ಅವನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. "ಉತ್ತರ ಗೊತ್ತಿಲ್ಲ, ಅವತ್ತು ಹಾಗೆ ಕೂರಿಸಿದ್ದು ತಪ್ಪು" ಎಂದೆ. "ನಂಗೂ ಗೊತ್ತಿಲ್ಲ ಮೇಡಂ, ಅದ್ಕೇ ಕೇಳಿದ್ದು" ಎಂದ. ಆ ಗಂಟೆ ಪೂರ್ತಿ ಅದೇ ಮಾತು ನಡೆಯಿತು.