ಯಾರ ನಡಿಗೆಗೆ ಯಾರು ಹೊಂದಿಕೊಳ್ಳಬೇಕು?



ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಸುಮಾರು ಮೂವತ್ತು ಮಂದಿ ಬೆಂಗಳೂರಿನ ಲಾಲ್‌ಬಾಗಿಗೆ ಹೋದೆವು. ಮಕ್ಕಳು, ಯುವಕರು, ತಾಯಂದಿರು, ಕೆಲವು ಹಿರಿಯರು. ಎಲ್ಲರೂ ಒಟ್ಟಿಗೆ ನಡೆಯೋಣವೆಂದು ಪೂಜೆಯ ಕೊನೆಯಲ್ಲಿ ಪ್ರಕಟಣೆ ಮಾಡಿದವನು ನಾನೇ.

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಯಷ್ಟಿದೆ. ಮರಗಳು ಚಿಗುರುವ ಕಾಲ. ಹೊಂಗೆ ಎಳೆಹಸಿರು ತೊಟ್ಟಿತ್ತು. ಗಾಳಿ ಮಾತ್ರ ಜೋರಾಗಿತ್ತು. ತರಗೆಲೆ, ಧೂಳು ಸುತ್ತಿ ಸುತ್ತಿ ಮುಖಕ್ಕೆ ಬಡಿಯುತ್ತಿತ್ತು. ಯುವಕರಿಗೆ ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಬೇಗ ಹತ್ತುವ ಆತುರ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆ ಇನ್ನರ್ಧ ಗಂಟೆ ನಮಗಾಗಿ ಕಾಯಲಾರದೇ? ಆದರೆ ನನಗೂ ಅದೇ ಆತುರ. ಅವರ ಜೊತೆ ನಾನೂ ಮುಂದೆ ನಡೆದೆ.

ಬಂಡೆಯ ಮೇಲೆ ನಿಂತು ತಲೆ ಎಣಿಸಿದಾಗ ಒಬ್ಬರು ಕಡಿಮೆ! ಮಂಡಿನೋವಿನ ಒಬ್ಬ ಅಜ್ಜಿ ಹಿಂದೆ ಉಳಿದಿದ್ದರು. ಓಡಿ ಬಂದು ನೋಡಿದರೆ, ಕಣ್ಣಿಗೆ ಧೂಳು ಬಿದ್ದು, ಸೆರಗಿನಿಂದ ಮುಖ ಮುಚ್ಚಿಕೊಂಡು, ಒಂದು ಕಲ್ಲುಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ನಾನು ಕ್ಷಮೆ ಕೇಳುವ ಮೊದಲೇ ಅವರು, “ನಿಮಗೆಲ್ಲಾ ತೊಂದರೆ ಕೊಟ್ಟೆ ಸ್ವಾಮಿ, ಇನ್ನು ಮೇಲೆ ನಾನು ಬರಲ್ಲ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತಪ್ಪು ಮಾಡಿದವನು ನಾನು, ತಪ್ಪೊಪ್ಪಿಕೊಂಡವರು ಅವರು. ಹೀಗೇಕಾಯಿತು?

ನಿಧಾನವಾಗಿ ನಡೆಯುವವರಿಗಾಗಿ ಕಾಯುವುದು ದಯೆಯೋ, ನ್ಯಾಯವೋ? ನಾವು ಸಾಮಾನ್ಯವಾಗಿ ಅದನ್ನು ದಯೆ ಎಂದುಕೊಳ್ಳುತ್ತೇವೆ. ದಯೆ ಎಂದರೆ, ಕಾಯುವವನು ಕೊಡುವವನಾಗುತ್ತಾನೆ, ನಿಧಾನಸ್ಥರು ಸಾಲಗಾರರಾಗುತ್ತಾರೆ. ಆ ಅಜ್ಜಿ ಕ್ಷಮೆ ಕೇಳಿದ್ದು ಅದಕ್ಕೇ. ಅವರ ಮನಸ್ಸಿನಲ್ಲಿ ಅವರೊಬ್ಬ ಸಾಲಗಾರ್ತಿ.

ಆದರೆ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸುತ್ತಾರೆ. “ಒಟ್ಟಿಗೆ ಹೋಗೋಣ” ಎಂದು ನಾನು ಕರೆದ ಕ್ಷಣವೇ ಆ ನಡಿಗೆಯಲ್ಲಿ ಅವರಿಗೊಂದು ಪಾಲು ಬಂದಿತ್ತು. ನಾನು ಕಾದಿದ್ದರೆ ಅದು ಉಪಕಾರವಲ್ಲ, ಕೊಟ್ಟ ಮಾತನ್ನು ಉಳಿಸಿಕೊಂಡಂತೆ, ಅಷ್ಟೆ. ದಯೆ ನ್ಯಾಯವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದೂ ಅದೇ ಸಂತರ ಚಿಂತನೆ. ಹಾಗಾದರೆ ಮೊದಲು ಸಲ್ಲಬೇಕಾದದ್ದು ಸಲ್ಲಲಿ. ದಯೆಯ ಮಾತು ಆಮೇಲೆ.

“ಹಾಗಾದರೆ ಚುರುಕಾದವರು ಯಾವಾಗಲೂ ಕುಂಟುತ್ತಲೇ ನಡೆಯಬೇಕೇ?” ಎಂದು ಯುವಕರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಅವರ ಉತ್ಸಾಹವೂ ದೇವರ ವರ. ಮೊದಲೇ ಮಾತನಾಡಿಕೊಂಡು, ಹಿರಿಯರ ಜೊತೆಗೆ ಒಬ್ಬರನ್ನು ಬಿಟ್ಟು, ಸೇರುವ ಜಾಗ ಗೊತ್ತುಮಾಡಿ ಮುಂದೆ ಹೋದರೆ ಯಾರಿಗೂ ಅನ್ಯಾಯವಿಲ್ಲ. ಕೇಳದೆ, ಹೇಳದೆ ಬಿಟ್ಟುಹೋಗುವುದೇ ತಪ್ಪು.

ಇನ್ನೊಂದು ಸೂಕ್ಷ್ಮವಿದೆ. ದಾರಿಯ ಆರಂಭದಲ್ಲೇ ಆ ಅಜ್ಜಿ, “ನೀವು ನಡೀರಿ ಸ್ವಾಮಿ, ನಾನು ಮೆಲ್ಲಗೆ ಬರ್ತೀನಿ” ಎಂದಿದ್ದರು. ಅದನ್ನೇ ನಾನು ಒಪ್ಪಿಗೆಯೆಂದು ತಿಳಿದೆ. ಆದರೆ ಅದು ಒಪ್ಪಿಗೆಯಲ್ಲ, ಸಂಕೋಚ. ದುರ್ಬಲರ ಸಂಕೋಚವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳುವುದು ಎಷ್ಟು ಸುಲಭ!

ಆದಿಕಾಂಡದಲ್ಲಿ ಏಸಾವನು ತಮ್ಮನಾದ ಯಕೋಬನನ್ನು ಜೊತೆಯಲ್ಲಿ ಹೊರಡೋಣವೆಂದು ಕರೆಯುತ್ತಾನೆ. ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡುವ ಪ್ರಾಣಿಗಳಿವೆ, ಅವುಗಳ ನಡಿಗೆಗೆ ತಕ್ಕಂತೆ ತಾನು ಬರುವುದಾಗಿ ಯಕೋಬನು ತಿಳಿಸುತ್ತಾನೆ. ಅಣ್ಣನ ಮೇಲಿನ ಭಯವೂ ಆ ಮಾತಿನ ಹಿಂದೆ ಇದ್ದಿರಬಹುದು. ಆದರೂ ಕುಟುಂಬ ನಡೆಸುವವನಿಗೆ ಇರಬೇಕಾದ ಅರಿವು ಅದರಲ್ಲಿದೆ. ಎಲ್ಲರಿಗಿಂತ ಎಳೆಯರ ಹೆಜ್ಜೆಯೇ ಎಲ್ಲರ ಪ್ರಯಾಣದ ಅಳತೆ.

ನಮ್ಮ ಮನೆಗಳಲ್ಲೂ ಇಂಥ ನಡಿಗೆಗಳಿವೆ. ಒಂದೇ ಮಾತನ್ನು ಎರಡು ಸಲ ಕೇಳುವ ಅತ್ತೆ, ಓದಿನಲ್ಲಿ ಅಣ್ಣನಷ್ಟು ಚುರುಕಿಲ್ಲದ ಮಗಳು, ಕೆಲಸ ಕಳೆದುಕೊಂಡು ಮೌನವಾಗಿರುವ ತಮ್ಮ. ಅವರು “ನನ್ನ ಬಗ್ಗೆ ಯೋಚನೆ ಮಾಡಬೇಡಿ” ಎಂದಾಗ, ನಿಜವಾಗಿ ಏನು ಹೇಳುತ್ತಿದ್ದಾರೆಂದು ಒಂದು ಕ್ಷಣ ನಿಂತು ಕೇಳೋಣ.

ಮುಂದಿನ ತಿಂಗಳು ನಾವು ಮತ್ತೆ ನಡಿಗೆಗೆ ಹೋದೆವು. ಹಿಂದಿನ ದಿನವೇ ಅಜ್ಜಿಯ ಮನೆಗೆ ಹೋಗಿ ಕರೆದೆ. ಬರುವುದಿಲ್ಲವೆಂದರು. ಬಲವಂತ ಮಾಡಲಿಲ್ಲ. “ನೀವು ಬಂದರೆ ನಾನು ನಿಮ್ಮ ಪಕ್ಕದಲ್ಲೇ ನಡೆಯುತ್ತೇನೆ” ಎಂದಷ್ಟೇ ಹೇಳಿ ಬಂದೆ. ಬೆಳಿಗ್ಗೆ ದೇವಾಲಯದ ಬಾಗಿಲ ಬಳಿ ಅವರು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದರು. ಬಂಡೆ ಹತ್ತಲು ಅಂದು ನಮಗೆ ಸಮಯವಾಗಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.