ಅರ್ಧ ಸೆಂಟಿನ ಋಣ

ಊರಿನ ಬಸ್ಸು, ರೈಲುಗಳ ಖರ್ಚನ್ನು ಯಾರು ಹೊರಬೇಕು? ಹತ್ತಿದವರೇ ಟಿಕೆಟ್ ಹಣದಲ್ಲಿ ತೀರಿಸಲಿ ಎನ್ನುವುದು ಒಂದು ಉತ್ತರ. ನಿಲ್ದಾಣ ಬಂದದ್ದರಿಂದ ಯಾರ ಜಾಗದ ಬೆಲೆ ಏರಿತೋ ಅವರು ಕೊಡಲಿ ಎನ್ನುವುದು ಇನ್ನೊಂದು. ಊರಲ್ಲಿ ಏನಾದರೂ ಕೊಳ್ಳುವವರೆಲ್ಲ ಚೂರು ಚೂರು ಕೊಡಲಿ ಎನ್ನುವುದು ಮೂರನೆಯದು. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ನಾಲ್ಕು ದಶಕಗಳಿಂದ ಈ ಮೂರನೆಯ ದಾರಿ ಹಿಡಿದಿದೆ. ಕಾರಿನ ಊರೆಂದೇ ಹೆಸರಾದಲ್ಲಿ ಇವತ್ತು ಸುರಂಗ ರೈಲು ಓಡುತ್ತಿದೆ, ಸಾಂತಾ ಮೋನಿಕಾದ ಕಡಲತೀರದ ಹತ್ತಿರದವರೆಗೂ ರೈಲು ಹೋಗುತ್ತದೆ. ಇವಕ್ಕೆಲ್ಲ ಅಂಗಡಿಯ ಗಲ್ಲಾಕ್ಕೆ ಬಿದ್ದ ಚಿಲ್ಲರೆಯೇ ದೊಡ್ಡ ಆಸರೆ.

ಲೆಕ್ಕ ಸರಳ. 1980, 1990, 2008 ಮತ್ತು 2016ರ ನಾಲ್ಕು ಜನಮತಗಳಲ್ಲಿ ಅಲ್ಲಿನ ಮತದಾರರು ಪ್ರತಿ ಸಲವೂ ಡಾಲರಿಗೆ ಅರ್ಧ ಸೆಂಟಿನಂತೆ ಸಾರಿಗೆಗೆಂದು ಮಾರಾಟ ತೆರಿಗೆ ಒಪ್ಪಿಕೊಂಡರು. ಒಟ್ಟು ಎರಡು ಸೆಂಟು. 40 ಡಾಲರಿನ ಶೂ ಕೊಂಡರೆ ತೆರಿಗೆಯಲ್ಲಿ 80 ಸೆಂಟು ಊರಿನ ಸಾರಿಗೆಗೆ. ಕೊಂಡವರು ಆಸ್ಪತ್ರೆಯ ವೈದ್ಯರಿರಬಹುದು, ಅದೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಬಂದು ನೆಲ ಒರೆಸುವವರಿರಬಹುದು. ಇಬ್ಬರೂ ಕೊಡುವುದು ಅದೇ 80 ಸೆಂಟು. ಈ ಸಮಾನತೆಯನ್ನು ನ್ಯಾಯ ಎನ್ನಬಹುದೇ?

ವಸೂಲಿಯ ಕಡೆಯಿಂದ ಮಾತ್ರ ನೋಡಿದರೆ ಎನ್ನಲಾಗದು. ಆದರೆ ತೆರಿಗೆಯ ನ್ಯಾಯವನ್ನು ವಸೂಲಿಯಲ್ಲಷ್ಟೇ ಅಳೆದು ಮುಗಿಸಿದರೆ ಅರ್ಧ ಲೆಕ್ಕ ಬಿಟ್ಟಂತಾಗುತ್ತದೆ. ಇಲ್ಲದವರ ಕೈಯಿಂದಲೂ ಹಣ ತೆಗೆದುಕೊಂಡ ಊರು ಅವರಿಗೆ ಋಣಿಯಾಗುತ್ತದೆ. ಆ ಋಣ ತೀರಿತೋ ಇಲ್ಲವೋ ಎಂಬುದು ಖರ್ಚಿನ ಕಡೆ ಗೊತ್ತಾಗುತ್ತದೆ. ಮಾರಾಟ ತೆರಿಗೆಯಿಂದ ಸಾರಿಗೆ ಕಟ್ಟುವ ಊರಿಗೆ ಬಸ್ಸಿನವರ ಪಾಲು ಮೊದಲ ಬಾಕಿ. ಉಳಿದ ಯೋಜನೆಗಳು ಅದರ ನಂತರ. ನಾನು ಇಲ್ಲಿ ವಾದಿಸಬೇಕೆಂದಿರುವುದು ಇಷ್ಟನ್ನೇ.

ಮೊದಲು ಆಕ್ಷೇಪವನ್ನು ಪೂರ್ತಿಯಾಗಿ ಕೇಳೋಣ. ತಿಂಗಳಿಗೆ 2,500 ಡಾಲರ್ ದುಡಿಯುವವರಿಗೆ ಬಾಡಿಗೆ, ಊಟ, ಬಟ್ಟೆ, ಮಕ್ಕಳ ಖರ್ಚು ಕಳೆದರೆ ಉಳಿಯುವುದು ಏನೂ ಇಲ್ಲ. ಅದರ ಹತ್ತು ಪಟ್ಟು ದುಡಿಯುವವರು ಹತ್ತು ಪಟ್ಟು ಸೋಪು ಕೊಳ್ಳುವುದಿಲ್ಲ. ಅವರ ಹಣ ಉಳಿತಾಯಕ್ಕೆ, ಷೇರಿಗೆ, ಮನೆಗೆ, ವಕೀಲರ ಶುಲ್ಕಕ್ಕೆ ಹೋಗುತ್ತದೆ. ಇವು ಯಾವುವೂ ಮಾರಾಟ ತೆರಿಗೆಗೆ ಸಿಗುವುದಿಲ್ಲ. ಹೀಗಾಗಿ ದರ ಎಲ್ಲರಿಗೂ ಒಂದೇ ಆದರೂ ಆದಾಯದಲ್ಲಿ ಕಡಿತವಾಗುವ ಪಾಲು ಬಡವರಿಗೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ದಿನಸಿ, ತರಕಾರಿ, ವೈದ್ಯರು ಬರೆದುಕೊಟ್ಟ ಔಷಧಿಗಳಿಗೆ ಈ ತೆರಿಗೆ ಇಲ್ಲ. ಅದು ಹೊರೆಯನ್ನು ಹಗುರ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಸೋಪು, ಚಪ್ಪಲಿ, ಪಾತ್ರೆ, ಹಳೆಯ ಕಾರು, ಹೋಟೆಲಿನ ಬಿಸಿ ಊಟ, ಎಲ್ಲಕ್ಕೂ ತೆರಿಗೆ ಉಂಟು.

ಹಾಗಾದರೆ ಆ ಊರು ಈ ದಾರಿಯನ್ನೇ ಏಕೆ ಹಿಡಿಯಿತು? ಕಾರಣ 1978ರಲ್ಲಿದೆ. ಆ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಎಂಬ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಆಸ್ತಿ ತೆರಿಗೆಯನ್ನು ಆಸ್ತಿಯ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಲಾಯಿತು. ಆಸ್ತಿ ಮಾರಾಟವಾಗುವವರೆಗೆ ತೆರಿಗೆಯ ಲೆಕ್ಕಕ್ಕೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಇದ್ದವರು ತಮ್ಮ ಬಾಗಿಲನ್ನು ಭದ್ರಪಡಿಸಿಕೊಂಡ ಮೇಲೆ ಊರುಗಳಿಗೆ ಉಳಿದದ್ದು ಅಂಗಡಿಯ ಬಾಗಿಲು. ಎರಡೇ ವರ್ಷದಲ್ಲಿ ಸಾರಿಗೆಗಾಗಿ ಮೊದಲ ಅರ್ಧ ಸೆಂಟಿಗೆ ಮತದಾರರ ಒಪ್ಪಿಗೆ ಸಿಕ್ಕಿತು.

ಇದರ ಫಲವನ್ನು ಹತ್ತಿರದಿಂದ ನೋಡಬೇಕು. ಒಂದು ಬಡಾವಣೆಯ ಪಕ್ಕ ರೈಲು ನಿಲ್ದಾಣ ಬರುತ್ತದೆ. ಅಲ್ಲಿ ಹಳೆಯ ಮನೆ ಇರುವವರ ಆಸ್ತಿಯ ಬೆಲೆ ಜಿಗಿಯುತ್ತದೆ, ತೆರಿಗೆ ಮಾತ್ರ ಶೇ 2ರ ಮಿತಿ ದಾಟುವುದಿಲ್ಲ. ಅದೇ ಬೀದಿಯಲ್ಲಿ ಬಾಡಿಗೆಗಿರುವವರು ಏರಿದ ಬಾಡಿಗೆ ಕೊಡುತ್ತಾರೆ, ಇಲ್ಲವೇ ದೂರ ಹೋಗುತ್ತಾರೆ. ನಿಲ್ದಾಣ ಕಟ್ಟಿದ್ದು ಇಬ್ಬರ ಅರ್ಧ ಸೆಂಟಿನಿಂದ, ಲಾಭ ಬಂದದ್ದು ಒಬ್ಬರಿಗೆ. ಹಾಗಾಗಿ ನಿಲ್ದಾಣದಿಂದ ಲಾಭ ಪಡೆದವರಿಂದಲೇ ಒಂದು ಪಾಲು ಪಡೆಯುವ ಎರಡನೆಯ ಉತ್ತರ ಮೂರರಲ್ಲಿ ಹೆಚ್ಚು ನ್ಯಾಯದ್ದೆಂದು ನನಗನ್ನಿಸುತ್ತದೆ. ಅದು ಕೈಗೆ ಸಿಗದಿದ್ದಾಗ ಏನು ಮಾಡಬೇಕೆಂಬುದು ಲಾಸ್ ಏಂಜಲೀಸಿನ ಮುಂದಿದ್ದ ನಿಜವಾದ ಪ್ರಶ್ನೆ.

ಟಿಕೆಟ್ ಹಣದಲ್ಲೇ ಎಲ್ಲವನ್ನೂ ತೀರಿಸುವುದು ಇದಕ್ಕಿಂತ ಕಠಿಣ. ಬಸ್ಸು ಓಡುವುದರಿಂದ ಅಂಗಡಿಗೆ ಕೆಲಸದವರು ಬರುತ್ತಾರೆ, ಗಿರಾಕಿಗಳು ಬರುತ್ತಾರೆ, ರಸ್ತೆಯಲ್ಲಿ ಕಾರಿನವರಿಗೂ ಜಾಗ ಸಿಗುತ್ತದೆ. ಹತ್ತದವರೂ ಫಲ ಉಣ್ಣುವಾಗ ಹತ್ತಿದವರಷ್ಟೇ ಕೊಡಲಿ ಎನ್ನುವುದು ಕಾರಿಲ್ಲದವರಿಗೆ ಹಾಕುವ ದಂಡ.

ಮೊದಲ ಅರ್ಧ ಸೆಂಟು ಹೇಗೆ ಖರ್ಚಾಯಿತು ಎಂಬುದರಲ್ಲಿ ಒಂದು ಪಾಠವಿದೆ. 1980ರ ಪ್ರಸ್ತಾಪ ಗೆದ್ದದ್ದು ಸುಮಾರು ಶೇ 54 ಮತಗಳಿಂದ. ಅಷ್ಟು ಸಾಕೇ, ಮೂರರಲ್ಲೆರಡು ಬೇಕೇ ಎಂಬ ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1982ರಲ್ಲಿ ಸಾಕೆಂದು ತೀರ್ಮಾನವಾಯಿತು. ಕೂಡಲೇ ಆದ ಕೆಲಸವೆಂದರೆ ಬಸ್ ದರವನ್ನು 50 ಸೆಂಟಿಗೆ ಇಳಿಸಿದ್ದು. ರೈಲು ಮಾರ್ಗಗಳಿಗೆ ವರ್ಷಗಳು ಬೇಕಿದ್ದವು. ಬಸ್ಸಿಗೆ ಚೀಟಿಯ ಬೆಲೆ ಬದಲಿಸಿದರೆ ಸಾಕಾಗಿತ್ತು. ಮೂರು ವರ್ಷ ಆ ದರ ಇತ್ತು, ಬಸ್ಸು ಹತ್ತುವವರ ಸಂಖ್ಯೆ ಗಣನೀಯವಾಗಿ ಏರಿತು. 1985ರಲ್ಲಿ ಮತಪತ್ರ ಕೊಟ್ಟಿದ್ದ ಅವಧಿ ಮುಗಿದು ಹಣ ರೈಲಿನ ಕಡೆ ತಿರುಗಿತು, ದರ ಏರಿತು, ಜನ ಇಳಿದುಹೋದರು. ತೆರಿಗೆ ಮಾತ್ರ ಉಳಿಯಿತು.

ಋಣದ ಮಾತು ನ್ಯಾಯಾಲಯಕ್ಕೂ ಹೋಯಿತು. 1994ರಲ್ಲಿ ಸಾರಿಗೆ ಮಂಡಳಿ ಬಸ್ ದರವನ್ನು 1.10 ಡಾಲರಿನಿಂದ 1.35ಕ್ಕೆ ಏರಿಸಿ, 42 ಡಾಲರಿನ ತಿಂಗಳ ಪಾಸನ್ನು ನಿಲ್ಲಿಸಲು ಹೊರಟಿತು. ಅದೇ ಹೊತ್ತಿನಲ್ಲಿ ಪ್ಯಾಸಡೀನಾ ಕಡೆಯ ರೈಲು ಮಾರ್ಗಕ್ಕೆ ಹಣ ತೆಗೆದಿಡುತ್ತಿತ್ತು. ಬಸ್ ರೈಡರ್ಸ್ ಯೂನಿಯನ್ ಎಂಬ ಪ್ರಯಾಣಿಕರ ಸಂಘಟನೆ ಮತ್ತು ಅದರ ಜೊತೆಗಾರರು ನಾಗರಿಕ ಹಕ್ಕುಗಳ ಕಾನೂನಿನಡಿ ದಾವೆ ಹೂಡಿದರು. ಬಸ್ಸಿನಲ್ಲಿ ನಿಂತು ಹೋಗುವವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೊ ಜನ, ಬಡವರು. ಅವರ ಪಾಲಿನ ಹಣ ರೈಲಿನವರಿಗೆ ಹೋಗುತ್ತಿದೆ ಎಂಬುದು ವಾದ. 1996ರಲ್ಲಿ ರಾಜಿಯಾಗಿ ಹತ್ತು ವರ್ಷದ ಒಪ್ಪಂದವಾಯಿತು. 42 ಡಾಲರಿನ ಪಾಸು ಉಳಿಯಿತು, 11 ಡಾಲರಿನ ವಾರದ ಪಾಸು ಬಂತು. ಬಸ್ಸಿನಲ್ಲಿ ನಿಲ್ಲುವವರ ಸರಾಸರಿಯನ್ನು ಹಂತ ಹಂತವಾಗಿ ಎಂಟಕ್ಕೆ ಇಳಿಸಬೇಕೆಂದು ಬರೆದಾಯಿತು.

ಒಂದು ಬಸ್ಸಿನಲ್ಲಿ ಎಷ್ಟು ಜನ ನಿಲ್ಲಬಹುದು ಎಂಬ ಅಂಕಿ ಕಾನೂನಿನ ಕಾಗದಕ್ಕೆ ಏರಿದ್ದನ್ನು ನಾನು ದೊಡ್ಡ ಸಂಗತಿಯೆಂದು ಭಾವಿಸುತ್ತೇನೆ. ನ್ಯಾಯ ಎಂಬುದು ಅಲ್ಲಿ ಎಣಿಸಬಲ್ಲ ವಸ್ತುವಾಯಿತು. ರೈಲಿನ ಪರ ಇದ್ದವರ ಮಾತಿನಲ್ಲೂ ಹುರುಳಿದೆ: ಬಸ್ಸಿಗೇ ಎಲ್ಲ ಸುರಿದರೆ ಐವತ್ತು ವರ್ಷದ ಮುಂದಿನ ಊರನ್ನು ಯಾರು ಕಟ್ಟುತ್ತಾರೆ? ರೈಲು ಬೇಕು. ಬಡವರಿಗೂ ಬೇಕು. ಆದರೆ ಇಂದು ತೆರಿಗೆ ಕೊಟ್ಟು ಇಂದೇ ನಿಂತು ಹೋಗುವವರಿಗೆ ಮೊಮ್ಮಕ್ಕಳ ಕಾಲದ ರೈಲನ್ನು ತೋರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ.

ಇಲ್ಲಿ ಇನ್ನೊಂದು ವಾದ ಎದುರಾಗುತ್ತದೆ. ಈ ತೆರಿಗೆಯನ್ನು ಯಾರೂ ಹೇರಿಲ್ಲ, ಜನರೇ ಮತ ಹಾಕಿ ತಮ್ಮ ಮೇಲೆ ಹಾಕಿಕೊಂಡಿದ್ದಾರೆ, ಮತ್ತೇನು ಋಣ? ಈ ಒಪ್ಪಿಗೆಯ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. 2008ರ ನವೆಂಬರಿನಲ್ಲಿ, ಬ್ಯಾಂಕುಗಳು ಕುಸಿಯುತ್ತಿದ್ದ ಹೊತ್ತಿನಲ್ಲಿ, ಮೆಷರ್ ಆರ್ ಎಂಬ ಪ್ರಸ್ತಾಪಕ್ಕೆ ಸುಮಾರು ಶೇ 68 ಮತದಾರರು ಹೌದೆಂದರು. ಮೂವತ್ತು ವರ್ಷ ತೆರಿಗೆ ಕೊಡುತ್ತೇವೆ ಎಂದು ಕಷ್ಟಕಾಲದಲ್ಲಿ ಹೇಳುವುದು ಊರಿನ ಮೇಲಿನ ನಂಬಿಕೆಯ ಮಾತು. 2016ರ ಮೆಷರ್ ಎಂ ಪ್ರಸ್ತಾಪಕ್ಕೆ ಸುಮಾರು ಶೇ 71 ಮತ ಬಂತು, ಅದಕ್ಕೆ ಕೊನೆಯ ದಿನಾಂಕವೂ ಇಲ್ಲ.

ಆದರೂ ಮತಪೆಟ್ಟಿಗೆ ಋಣವನ್ನು ಅಳಿಸುವುದಿಲ್ಲ. ಅಂಗಡಿಯಲ್ಲಿ ತೆರಿಗೆ ಕೊಡುವವರೆಲ್ಲ ಮತದಾರರಲ್ಲ. ವಲಸೆ ಬಂದ ಕೂಲಿಕಾರರು, ಪೌರತ್ವವಿಲ್ಲದ ಮನೆಗೆಲಸದವರು, ಹದಿನೆಂಟು ತುಂಬದ ದುಡಿಯುವ ಮಕ್ಕಳು, ಎಲ್ಲರೂ ಕೊಡುತ್ತಾರೆ, ಕೇಳಿಸಿಕೊಂಡವರಲ್ಲಿ ಅವರಿಲ್ಲ. ಅಲ್ಲದೆ ಮೊದಲ ಸಲ ಬೇಡವೆನಿಸಿದರೂ ಆಮೇಲೆ ಕಡ್ಡಾಯವಾದ ಮೂರರಲ್ಲೆರಡು ಮತದ ನಿಯಮಕ್ಕೆ ತನ್ನದೇ ಬೆಲೆಯಿದೆ. 2012ರಲ್ಲಿ ಮೆಷರ್ ಆರ್ ಅವಧಿಯನ್ನು ವಿಸ್ತರಿಸುವ ಪ್ರಸ್ತಾಪ ಶೇ 66ಕ್ಕೂ ಹೆಚ್ಚು ಮತ ಪಡೆದು ಕೂದಲೆಳೆಯಲ್ಲಿ ಸೋತಿತು. ಅಷ್ಟು ದೊಡ್ಡ ಬಹುಮತ ಕೂಡಿಸಬೇಕಾದರೆ ಎಲ್ಲರಿಗೂ ಏನಾದರೂ ಹಂಚಬೇಕು. ಮೆಷರ್ ಆರ್ ಹಣದಲ್ಲಿ ಹೊಸ ರೈಲು ಮತ್ತು ಕ್ಷಿಪ್ರ ಬಸ್ ಮಾರ್ಗಗಳಿಗೆ ಶೇ 35, ಬಸ್ ಓಡಿಸುವುದಕ್ಕೆ ಶೇ 20, ಹೆದ್ದಾರಿಗಳಿಗೂ ಶೇ 20, ಕೌಂಟಿಯ ಊರುಗಳಿಗೆ ನೇರವಾಗಿ ಶೇ 15. ಕಾರಿನವರ ಮತ ಬೇಕೆಂದು ಹೆದ್ದಾರಿಗೆ ಬಸ್ಸಿನಷ್ಟೇ ಪಾಲು. ಮತ ಗೆಲ್ಲಲು ಈ ಹಂಚಿಕೆ ಬೇಕಿತ್ತು ಎನ್ನುವುದನ್ನು ಒಪ್ಪೋಣ, ಅದರಿಂದ ಅದು ನ್ಯಾಯವಾಗುವುದಿಲ್ಲ.

ತೆರಿಗೆಯೇ ಬೇಡ ಎಂದರೆ ಏನಾಗುತ್ತದೆಂಬುದಕ್ಕೆ ಜಾರ್ಜಿಯಾದ ಕ್ಲೇಟನ್ ಕೌಂಟಿ ಸಾಕ್ಷಿ. ಅಟ್ಲಾಂಟಾದ ದಕ್ಷಿಣಕ್ಕಿರುವ ಈ ಕೌಂಟಿ 1971ರಲ್ಲಿ ಮಾರ್ಟಾ ಸಾರಿಗೆ ಸಂಸ್ಥೆಗೆ ಒಂದು ಸೆಂಟ್ ಮಾರಾಟ ತೆರಿಗೆ ಕೊಡಲು ಒಪ್ಪಲಿಲ್ಲ. ಫುಲ್ಟನ್, ಡಿಕಾಲ್ಬ್ ಕೌಂಟಿಗಳು ಒಪ್ಪಿದವು. ಕ್ಲೇಟನ್ ಮುಂದೆ ತನ್ನದೇ ಸಣ್ಣ ಬಸ್ ಸೇವೆ ನಡೆಸಿತು. 2010ರ ಮಾರ್ಚ್ ಕೊನೆಗೆ ಹಣವಿಲ್ಲವೆಂದು ಅದನ್ನೂ ನಿಲ್ಲಿಸಿತು. ಜಗತ್ತಿನ ಅತಿ ದಟ್ಟಣೆಯ ವಿಮಾನ ನಿಲ್ದಾಣ ಬಹುಪಾಲು ಈ ಕೌಂಟಿಯಲ್ಲೇ ಇದೆ. ಅಲ್ಲಿ ಸಾಮಾನು ಹೊರುವ, ಅಡುಗೆ ಮಾಡುವ, ಕಸ ಗುಡಿಸುವ ಕೆಲಸಕ್ಕೆ ಹೋಗುವವರಿಗೆ ಐದು ವರ್ಷ ಊರಿನ ಬಸ್ಸೇ ಇರಲಿಲ್ಲ. 2014ರಲ್ಲಿ ಅದೇ ಕೌಂಟಿಯ ಮತದಾರರು ನಾಲ್ವರಲ್ಲಿ ಸುಮಾರು ಮೂವರಂತೆ ಒಂದು ಸೆಂಟಿಗೆ ಹೌದೆಂದರು. ಮರುವರ್ಷ ಮಾರ್ಚಿನಲ್ಲಿ ಬಸ್ಸು ಬಂತು. ತೆರಿಗೆಯ ಭಾರವನ್ನು ಹೆಚ್ಚು ಹೊರುವವರೇ ಅದನ್ನು ಬೇಕೆಂದರು, ಏಕೆಂದರೆ ಬಸ್ಸಿಲ್ಲದ ದಿನ ಕೊಡುವ ಬೆಲೆ ಅದಕ್ಕಿಂತ ದೊಡ್ಡದೆಂದು ಅವರಿಗೆ ತಿಳಿದಿತ್ತು. ಮಾರಾಟ ತೆರಿಗೆಯನ್ನು ಬಡವರ ಹೆಸರಿನಲ್ಲಿ ತಳ್ಳಿಹಾಕುವವರು ಈ ಮತವನ್ನು ಎದುರಿಸಿ ಮಾತಾಡಬೇಕು.

ನಮ್ಮ ಬೆಂಗಳೂರಿಗೆ ಇಂಥ ದಾರಿ ಇಲ್ಲ. ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಹಾಕುತ್ತಿದ್ದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲೇ ಹೋಯಿತು. ಅದರ ಜಾಗಕ್ಕೆ ಬಂದ ರಾಜ್ಯದ ಪ್ರವೇಶ ತೆರಿಗೆ 2017ರ ಜುಲೈನಲ್ಲಿ ಜಿಎಸ್‌ಟಿಯಲ್ಲಿ ಕರಗಿತು. ಅಂಗಡಿಯಲ್ಲಿ ನಾವು ಕೊಡುವ ತೆರಿಗೆ ದೆಹಲಿಗೂ ವಿಧಾನಸೌಧಕ್ಕೂ ಹೋಗುತ್ತದೆ, ಪಾಲಿಕೆಯ ಕೈಗೆ ನೇರವಾಗಿ ಬೀಳುವುದಿಲ್ಲ. 2020ರ ಸೆಪ್ಟೆಂಬರಿನ ಬಳಿಕ ವರ್ಷಗಟ್ಟಲೆ ಬೆಂಗಳೂರಿಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ. ಜನರನ್ನು ಕೇಳುವ ಬಾಯಿಯೂ ಇರಲಿಲ್ಲ, ಕೇಳಿಸಿಕೊಳ್ಳುವ ಕಿವಿಯೂ ಇರಲಿಲ್ಲ.

ಆದರೆ ಋಣ ನಮ್ಮಲ್ಲೂ ಇದೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಗಳು ಕೊಳ್ಳುವ ಸೋಪಿನಲ್ಲಿ, ಚಪ್ಪಲಿಯಲ್ಲಿ ತೆರಿಗೆಯಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಅವಳು ಟಿಕೆಟ್ ದುಡ್ಡಿಲ್ಲದೆ ಬಸ್ಸು ಹತ್ತಿದರೆ ಅದನ್ನು ಬಿಟ್ಟಿ ಎಂದು ಆಡಿಕೊಳ್ಳುವವರಿದ್ದಾರೆ. ಅವಳು ಅಂಗಡಿಯಲ್ಲಿ ಮೊದಲೇ ಕೊಟ್ಟದ್ದರ ಒಂದು ಭಾಗ ಹಿಂದಿರುಗುತ್ತಿದೆ, ಅಷ್ಟೆ. ಅದೇ ಊರಲ್ಲಿ 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಮೆಟ್ರೊ ಕಟ್ಟಿದ್ದರಲ್ಲಿ ಅವಳ ತೆರಿಗೆಯ ಪಾಲಿದೆ, ಹತ್ತಲು ಮಾತ್ರ ಅವಳ ಕೈಯಲ್ಲಾಗದು. ಲಾಸ್ ಏಂಜಲೀಸಿನಲ್ಲಿ ಹಣ ಯಾವುದಕ್ಕೆಂದು ಮತಪತ್ರದಲ್ಲೇ ಬರೆದಿರುತ್ತದೆ, ವರ್ಷವರ್ಷ ಲೆಕ್ಕ ತಪಾಸಣೆಯಾಗುತ್ತದೆ. ಋಣ ಎಷ್ಟೆಂದು ಕೇಳಲು ಒಂದು ಕಾಗದವಿದೆ. ನಮ್ಮಲ್ಲಿ ಋಣ ದೊಡ್ಡ ಖಜಾನೆಯಲ್ಲಿ ಬೆರೆತು ಗುರುತು ಸಿಗದಾಗಿದೆ. ಬೆಂಗಳೂರಿಗೆ ಅರ್ಧ ಸೆಂಟಿನ ತೆರಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಈಗಾಗಲೇ ಕೊಡುತ್ತಿರುವ ತೆರಿಗೆಯಲ್ಲಿ ಊರಿನ ಬಸ್ಸಿಗೆ ಇಷ್ಟು ಎಂದು ಬರೆದಿಟ್ಟ ಒಂದು ಪಾಲು, ಮೆಟ್ರೊ ನಿಲ್ದಾಣದ ಸುತ್ತ ಏರಿದ ಜಾಗದ ಬೆಲೆಯಲ್ಲಿ ಇನ್ನೊಂದು ಪಾಲು, ಎರಡಕ್ಕೂ ಉತ್ತರ ಕೊಡಬೇಕಾದ ಚುನಾಯಿತ ಪಾಲಿಕೆ, ಇವನ್ನು ಕೇಳುವ ಹಕ್ಕು ನಮಗಿದೆ.

ಯಾವ ಊರಿನಲ್ಲಾದರೂ ಸಾರಿಗೆಗೆಂದು ತೆರಿಗೆ ಕೇಳಲು ಬಂದವರಿಗೆ ನಾಗರಿಕರು ಹಾಕಬೇಕಾದ ಮೊದಲ ಪ್ರಶ್ನೆ ದರ ಎಷ್ಟು ಎಂಬುದಲ್ಲ; ಮೊದಲ ವರ್ಷದ ಹಣ ಯಾರ ಪ್ರಯಾಣವನ್ನು ಹಗುರ ಮಾಡುತ್ತದೆ ಎಂಬುದು. ಇವತ್ತು ಬಸ್ಸಿಗೆ ಕಾಯುತ್ತಿರುವವರದ್ದು ಎಂಬ ಉತ್ತರ ಬಂದರೆ ಆ ತೆರಿಗೆಯನ್ನು ಒಪ್ಪಬಹುದು, ಅದರ ಪರವಾಗಿ ಮನೆಮನೆಗೆ ಹೋಗಿ ಮತ ಕೇಳಲೂಬಹುದು. ಇಪ್ಪತ್ತು ವರ್ಷ ಕಾಯಿರಿ ಎಂಬ ಉತ್ತರ ಬಂದರೆ, ಅಲ್ಲಿಯವರೆಗೆ ದಿನಾ ಅಂಗಡಿಯಲ್ಲಿ ಕೊಡುವವರಿಗೆ ದಿನಾ ಏನು ಸಲ್ಲುತ್ತದೆಂದು ಬರೆದುಕೊಡುವಂತೆ ಕೇಳಬೇಕು. ಕೊಡದಿದ್ದರೆ ಬೇಡವೆನ್ನಬೇಕು.